ವಂಶವೃಕ್ಷಕ್ಕೆ ಮೂಳೆಯ ಸಾಕ್ಷ್ಯ

ಪ್ರತಿಯೊಬ್ಬರಿಗೂ ತಂದೆತಾಯಿಗಳು ಇಬ್ಬರು, ಅಜ್ಜ-ಅಜ್ಜಿಯರು ನಾಲ್ವರು, ಅವರ ತಂದೆತಾಯಿಗಳು ಎಂಟು ಮಂದಿ. ತಲೆಮಾರು ಹಿಂದೆ ಹಿಂದೆ ಸರಿದಂತೆಲ್ಲ ವಂಶವೃಕ್ಷದ ಸ್ಥಾನಗಳು ಇಮ್ಮಡಿಸುತ್ತ, ಹತ್ತನೆಯ ಹೆಜ್ಜೆಯಲ್ಲಿ 1,024 ಆಗುತ್ತವೆ. ಇಷ್ಟು ಕವಲುಗಳ ನಡುವೆ ಇಬ್ಬರ ನಂಟನ್ನು ಗುರುತಿಸುವುದು ಹೇಗೆ? ಬರೆದಿಟ್ಟ ವಂಶಾವಳಿ ಒಂದು ಸಾಧನ. ನಮ್ಮ ಜೀವಕೋಶ ಇನ್ನೊಂದು. ಇವೆರಡೂ ಕೂಡಿ ಒಂದು ಒಗಟನ್ನು ಬಿಡಿಸಿದ ಬಗೆಯನ್ನು ನೋಡೋಣ.

1918ರ ಜುಲೈ ತಿಂಗಳಲ್ಲಿ ರಷ್ಯದ ಪದಚ್ಯುತ ಚಕ್ರವರ್ತಿ ಎರಡನೆಯ ನಿಕೊಲಸ್, ಪತ್ನಿ ಅಲೆಕ್ಸಾಂಡ್ರ, ಐವರು ಮಕ್ಕಳು ಹಾಗೂ ನಾಲ್ವರು ಪರಿವಾರದವರು ಯೆಕಟೆರಿನ್‌ಬರ್ಗ್ ನಗರದಲ್ಲಿ ಹತರಾದರು. 1991ರಲ್ಲಿ ಆ ನಗರದ ಸಮೀಪದ ಗುಂಡಿಯೊಂದರಿಂದ ಒಂಬತ್ತು ಮಂದಿಯ ಅಸ್ಥಿಗಳನ್ನು ಹೊರತೆಗೆದರು. ಅವು ಆ ಕುಟುಂಬದವರವೇ ಎಂಬುದು ಪ್ರಶ್ನೆ.

ಜೀವಕೋಶದಲ್ಲಿ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮಾಂಗಗಳುಂಟು. ಅವುಗಳಿಗೆ ಸ್ವಂತದ್ದಾದ ಡಿ.ಎನ್.ಎ. ಇದೆ. ಇದು ಮಕ್ಕಳಿಗೆ ಬರುವುದು ತಾಯಿಯಿಂದ. ಮಗನೂ ಇದನ್ನು ಪಡೆಯುವನು, ಆದರೆ ತನ್ನ ಮಕ್ಕಳಿಗೆ ಕೊಡಲಾರನು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ‘ಬಳಿ’ಯು ತಾಯಿಯಿಂದ ಇಳಿದುಬರುವುದನ್ನು ಬಲ್ಲವರಿಗೆ ಈ ಕ್ರಮ ಸುಲಭವಾಗಿ ಅರ್ಥವಾದೀತು. ಒಂದೊಂದು ಕೋಶದಲ್ಲಿಯೂ ಇದರ ನೂರಾರು ಪ್ರತಿಗಳಿರುವುದರಿಂದ, ಹಳೆಯ ಮೂಳೆಯಲ್ಲಿಯೂ ಇದು ಉಳಿದು ದೊರೆಯುವ ಸಂಭವ ಹೆಚ್ಚು.

ಹೋಲಿಸಿ ನೋಡಲು ಜೀವಂತ ಬಂಧುವೊಬ್ಬರು ಬೇಕಲ್ಲವೆ? ಇಲ್ಲಿಯೇ ವಂಶಾವಳಿ ನೆರವಿಗೆ ಬಂದಿತು. ವಿಕ್ಟೋರಿಯ ರಾಣಿಯ ಮಗಳು ಆಲಿಸ್. ಆಲಿಸಳ ಹೆಣ್ಣುಮಕ್ಕಳಲ್ಲಿ ಅಲೆಕ್ಸಾಂಡ್ರ ಒಬ್ಬಳು. ಅವಳ ಅಕ್ಕನ ಮಗಳ ಮಗನೇ ಬ್ರಿಟನ್ನಿನ ರಾಜಕುಮಾರ ಫಿಲಿಪ್. ರಾಣಿಯ ತಲೆಮಾರಿನಲ್ಲಿ ಫಿಲಿಪ್‌ಗೆ ಪೂರ್ವಿಕರ ಸ್ಥಾನಗಳು ಹದಿನಾರು. ಅವುಗಳಲ್ಲಿ ಈ ಡಿ.ಎನ್.ಎ. ಇಳಿದು ಬಂದುದು ಒಂದರಿಂದ ಮಾತ್ರ, ಅದೇ ವಿಕ್ಟೋರಿಯಳಿಂದ. ಫಿಲಿಪ್ ತಮ್ಮ ರಕ್ತವನ್ನು ಪರೀಕ್ಷೆಗೆ ನೀಡಿದರು. ತಾಯಿ ಮತ್ತು ಮೂವರು ಹೆಣ್ಣುಮಕ್ಕಳವೆಂದು ಊಹಿಸಿದ್ದ ಅಸ್ಥಿಗಳ ಡಿ.ಎನ್.ಎ. ಅವರದರೊಡನೆ ಹೊಂದಿತು. ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಉಳಿದಿಬ್ಬರು ಮಕ್ಕಳ ಅವಶೇಷಗಳು 2007ರಲ್ಲಿ ದೊರೆತವು. 2009ರಲ್ಲಿ ಅವುಗಳ ಗುರುತೂ ಸಿದ್ಧಪಟ್ಟಿತು. ತಾನೇ ಚಕ್ರವರ್ತಿಯ ಮಗಳು ಅನಸ್ತಾಸಿಯ ಎಂದು ದಶಕಗಳ ಕಾಲ ಹೇಳಿಕೊಂಡಿದ್ದ ಅನ್ನಾ ಆಂಡರ್ಸನ್‌ಳ ಅಂಗಾಂಶವನ್ನೂ 1994ರಲ್ಲಿ ಪರೀಕ್ಷಿಸಿದರು. ಅದು ಹೊಂದಲಿಲ್ಲ.

ಆದರೆ ಈ ಸಾಕ್ಷ್ಯದ ಮಿತಿಯನ್ನು ನಾವು ಮರೆಯಬಾರದು. ಇದು ಎರಡು ದೇಹಗಳು ಒಂದೇ ಮಾತೃವಂಶಕ್ಕೆ ಸೇರಬಹುದೆಂದು ತಿಳಿಸುತ್ತದೆ. ಅಕ್ಕನಾರು, ತಂಗಿಯಾರು, ನಂಟು ಎಷ್ಟು ಹತ್ತಿರದ್ದು ಎಂಬುದನ್ನು ತಿಳಿಸದು. ತಂದೆತಾಯಿ-ಮಕ್ಕಳ ಸಂಬಂಧವನ್ನು ಕೋಶಕೇಂದ್ರದ ಡಿ.ಎನ್.ಎ.ಯಿಂದ ಬೇರೆಯಾಗಿ ನಿರ್ಧರಿಸಬೇಕಾಯಿತು. ಯಾರನ್ನು ಯಾರೊಡನೆ ಹೋಲಿಸಬೇಕೆಂಬುದನ್ನು ಹೇಳಿದ್ದು ಹಳೆಯ ದಾಖಲೆಯೇ. ದಾಖಲೆಯಿಲ್ಲದ ಮೂಳೆ ಮೂಕ. ಪರೀಕ್ಷೆಯಿಲ್ಲದ ದಾಖಲೆ ಬರಿಯ ಹೇಳಿಕೆ. ನಮ್ಮ ನಮ್ಮ ಮನೆಗಳ ಹಿರಿಯರಿಂದ ಹೆಸರು, ಊರು, ಇಸವಿಗಳನ್ನು ಕೇಳಿ ಬರೆದಿಡುವಾಗ, ತಾಯಿಯ ಕಡೆಯ ಅಜ್ಜಿಯರ ಹೆಸರುಗಳನ್ನೂ ಬಿಡದೆ ಬರೆಯುವುದು ಲೇಸು.