ಕ್ರೀಡಾ ಪ್ರಶ್ನೋತ್ತರ: ಸೋತವರಿಗೂ ಒಂದು ಅಂಕ ಯಾಕೆ?

ಪ್ರಶ್ನೆ: ನಮ್ಮೂರ ಹೊನಲು ಬೆಳಕಿನ ಕಬಡ್ಡಿಯಲ್ಲಿ ಸೋತರೆ ಗಂಟುಮೂಟೆ ಕಟ್ಟಬೇಕು. ಪ್ರೊ ಕಬಡ್ಡಿಯಲ್ಲಿ ಸೋತ ತಂಡಕ್ಕೂ ಒಂದು ಅಂಕ ಸಿಗುತ್ತಿತ್ತು. ಈಗ ಅದೂ ಇಲ್ಲ. ಇದೇನು ಲೆಕ್ಕ ಸಾರ್?
– ಓದುಗರು, ಸೊರಬ

ಉತ್ತರ: ಊರ ಪಂದ್ಯಾವಳಿ ಬೆಳಗಾಗುವುದರೊಳಗೆ ಮುಗಿಯಬೇಕು, ಅದಕ್ಕೇ ನಾಕೌಟ್. ಲೀಗ್ ತಿಂಗಳುಗಟ್ಟಲೆ ನಡೆಯುತ್ತದೆ. ಹಿಂದೆ ಬಿದ್ದ ತಂಡ ಕೊನೆಯ ಐದು ನಿಮಿಷ ಕೈಚೆಲ್ಲಿದರೆ ಆಟಕ್ಕೆ ಕಳೆಯೇ ಇರದು. ಹಾಗಾಗಿ 11ನೇ ಆವೃತ್ತಿಯವರೆಗೆ ಗೆದ್ದರೆ 5, ಸಮವಾದರೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ 1 ಅಂಕವಿತ್ತು.

ಇಂಗ್ಲೆಂಡಿನ ಪ್ರೀಮಿಯರ್‌ಶಿಪ್ ರಗ್ಬಿಯಲ್ಲೂ ಗೆರೆ ಏಳಕ್ಕೇ. ಗೆಲುವಿಗೆ 4, ಸಮಕ್ಕೆ 2, ಏಳರೊಳಗಿನ ಸೋಲಿಗೆ 1. ನಾಲ್ಕು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಹೊಡೆದವರಿಗೆ ಇನ್ನೊಂದು. ಅಲ್ಲಿ ಟ್ರೈಗೆ 5, ಅದರ ಬೆನ್ನಿಗೆ ಒದೆಯುವ ಕಿಕ್‌ಗೆ 2. ಏಳು ಎಂದರೆ ಒಂದೇ ದಾಳಿಯಲ್ಲಿ ತೀರಿಸಬಹುದಾದ ಬಾಕಿ.

2025ರ 12ನೇ ಆವೃತ್ತಿಯಿಂದ ಪ್ರೊ ಕಬಡ್ಡಿಯಲ್ಲಿ ಗೆಲುವಿಗೆ 2, ಸೋಲಿಗೆ ಸೊನ್ನೆ, ಸಮವಾದರೆ ಟೈ-ಬ್ರೇಕರ್. ಲೆಕ್ಕ ಸುಲಭವಾಯಿತು, ನಿಜ. ಆದರೆ ಸೋಲು ಖಚಿತವಾದ ಮೇಲೂ ಕೊನೆಯ ರೈಡ್‌ವರೆಗೆ ಹೋರಾಡಲು ಇದ್ದ ಒಂದು ಕಾರಣ ಹೋಯಿತು. ನನಗೆ ಹಳೆಯದೇ ಇಷ್ಟ.

ಪ್ರಶ್ನೆ: ಇಡೀ ಲೀಗಿನಲ್ಲಿ ಮೊದಲ ಸ್ಥಾನ ಪಡೆದವರಿಗೇ ಕಪ್ ಕೊಡಬಾರದೇ? ಫೈನಲ್ ಯಾಕೆ?
– ಓದುಗರು, ಶಿರಾಳಕೊಪ್ಪ

ಉತ್ತರ: ನ್ಯಾಯವಾಗಿ ಕೊಡಬೇಕು, ಟಿವಿಯವರು ಒಪ್ಪಬೇಕಲ್ಲ! 8ನೇ ಆವೃತ್ತಿಯಲ್ಲಿ ಪಟ್ನಾ ಪೈರೇಟ್ಸ್ ಪಟ್ಟಿಯ ತುದಿಯಲ್ಲಿದ್ದೂ ಫೈನಲ್‌ನಲ್ಲಿ ದಬಂಗ್ ದೆಹಲಿಗೆ 36–37ರಿಂದ ಸೋತಿತು. ಇಂಗ್ಲೆಂಡಿನ ರಗ್ಬಿಯಲ್ಲೂ ಫೈನಲ್ ಇದ್ದೇ ಇದೆ: ಹತ್ತು ತಂಡ, ತಲಾ 18 ಪಂದ್ಯ, ಮೊದಲ ನಾಲ್ವರಿಗೆ ಸೆಮಿಫೈನಲ್. 2024–25ರಲ್ಲಿ ಅಗ್ರಸ್ಥಾನಿ ಬಾತ್ ಫೈನಲ್‌ನಲ್ಲಿ ಲೀಸ್ಟರ್ ಅನ್ನು 23–21ರಿಂದ ಸೋಲಿಸಿ, 1996ರ ನಂತರ ಮೊದಲ ಬಾರಿ ಲೀಗ್ ಗೆದ್ದಿತು. ಎರಡೇ ಅಂಕದಲ್ಲಿ ಬಚಾವಾಯಿತು ಅನ್ನಿ.

ಫೈನಲ್ ಇಲ್ಲದಿದ್ದರೆ ನಮಗೂ ನಷ್ಟವೇ. 2019ರ ಜನವರಿ 5ರಂದು ಮುಂಬೈಯಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಗುಜರಾತ್ ವಿರುದ್ಧ 38–33ರ ಜಯ ಕೊಡಿಸಿದ ಆಟ ಸಿಗುತ್ತಿರಲಿಲ್ಲ.

ಪ್ರಶ್ನೆ: ಪಿಯುಸಿ ಓದುವ ಮಗ ಒಳ್ಳೆಯ ರೈಡರ್. ಈಗ ರಗ್ಬಿ ನೋಡಿ ಅದನ್ನೇ ಆಡುತ್ತೇನೆ ಅಂತಾನೆ. ಬಿಡಬಹುದೇ?
– ಒಬ್ಬ ತಾಯಿ, ಶಿಕಾರಿಪುರ

ಉತ್ತರ: ಆಸೆಗೆ ಅಡ್ಡ ಬರಬೇಡಿ ತಾಯಿ, ಕಬಡ್ಡಿಯನ್ನೂ ಬಿಡಿಸಬೇಡಿ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಆರು ತಂಡಗಳಿದ್ದವು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಅವುಗಳಲ್ಲೊಂದು. ಅದು ಏಳು ಜನರ ರಗ್ಬಿ. ಕಬಡ್ಡಿ ರೈಡರ್‌ನ ಚುರುಕು ಹೆಜ್ಜೆ, ಹಿಡಿತದಿಂದ ಜಾರುವ ಕಲೆ ಅಲ್ಲಿ ಖಂಡಿತ ನೆರವಿಗೆ ಬರುತ್ತವೆ. ಆದರೆ ಓಡುವಾಗ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಎದುರಾಳಿಯನ್ನು ಭುಜಕ್ಕಿಂತ ಮೇಲೆ ಹಿಡಿಯುವಂತಿಲ್ಲ. ಇವನ್ನು ತರಬೇತುದಾರರ ಕಣ್ಗಾವಲಿನಲ್ಲೇ ಕಲಿಯಬೇಕು. ಟಿವಿ ನೋಡಿ ಗದ್ದೆಯಲ್ಲಿ ಡಿಕ್ಕಿ ಹೊಡೆಯುವುದು ಬೇಡ, ಕುತ್ತಿಗೆಗೆ ಅಪಾಯ.

ಸದ್ಯ ಕಾಲೇಜು ಕ್ರೀಡಾಕೂಟದಲ್ಲಿ ಕಬಡ್ಡಿ ಆಡಲಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿನಿಲಯದ ಆಯ್ಕೆ ಬಗ್ಗೆ ಶಿವಮೊಗ್ಗದಲ್ಲಿ ವಿಚಾರಿಸಿ. ಮತ್ತೆ, ಸೋಲುವ ಪಂದ್ಯದಲ್ಲಿ ಅವನು ಕೊನೆಯ ಐದು ನಿಮಿಷ ಹೇಗೆ ಆಡುತ್ತಾನೆಂದು ನೋಡಿ. ಆಗಲೂ ಕುಗ್ಗದಿದ್ದರೆ, ಯಾವ ಆಟಕ್ಕೆ ಹೋದರೂ ಲೀಗ್ ಆಟಗಾರನಾಗುವ ಗುಣ ಅವನಲ್ಲಿದೆ.