ಹೂ ಕಿತ್ತವರ ಮೇಲೆ ಕೋಲೆತ್ತುವ ಮುನ್ನ

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಯವರೇ, ಬೆಳಗಿನ ಜಾವ ಕಾಂಪೌಂಡಿನಾಚೆ ನಿಂತು ನಿಮ್ಮ ದಾಸವಾಳ ಕೀಳುವವರನ್ನು ಗದರಿ, ತಡೆಯಿರಿ, ತಲೆ ಒಡೆಯಬೇಡಿ. (ಕದ್ದ ಹೂವು ದೇವರಿಗೇ ಏರುತ್ತದೆ, ಅದು ಬೇರೆ ಮಾತು!) 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 35ನೇ ಸೆಕ್ಷನ್ ಆಸ್ತಿ ಕಾಯುವ ಹಕ್ಕು ಕೊಟ್ಟಿದೆ. ಆದರೆ 37ನೇ ಸೆಕ್ಷನ್ ಪ್ರಕಾರ ಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಪ್ರಾಣ ತೆಗೆಯುವ ಮಟ್ಟಿಗೂ ಹಕ್ಕು ಚಾಚುವುದು ದರೋಡೆ, ಸೂರ್ಯಾಸ್ತದ ನಂತರ ಸೂರ್ಯೋದಯಕ್ಕೆ ಮೊದಲು ಹಾಕುವ ಕನ್ನ, ಮನೆಗೆ ಬೆಂಕಿ, ಜೀವಭಯ ಹುಟ್ಟಿಸುವ ಕಳ್ಳತನ ಇಂಥವುಗಳಲ್ಲಿ ಮಾತ್ರ. ಆಗಲೂ ಅಳತೆ ಮೀರಬಾರದು. ಬರಿಗೈಲಿ ಓಡಿದವನನ್ನು ಅಟ್ಟಿ ಹೊಡೆದರೆ, ಸಿಕ್ಕವನನ್ನು ಕಂಬಕ್ಕೆ ಕಟ್ಟಿ ಬೀದಿಯವರೆಲ್ಲ ಕೈ ಹಾಕಿದರೆ, ಕೇಸು ನಿಮ್ಮ ಮೇಲೆಯೇ. ಹಿಡಿದವನನ್ನು ಕೂರಿಸಿ, 112ಕ್ಕೆ ಫೋನ್ ಮಾಡಿ.