ಕ್ಯಾಬಿನ್ನಿನಲ್ಲಿ ಕಂಪ್ಯೂಟರ್: ಮೊದಲು ವೈರು, ಆಮೇಲೆ ಲ್ಯಾಪ್‌ಟಾಪು

ಪ್ರಶ್ನೆ: ಸರ್, ಸ್ವಂತ ಲಾರಿ, ಓಡಿಸೋನೂ ನಾನೇ. ಬೆಂಗಳೂರಿನಿಂದ ದೆಹಲಿ ಕಡೆಗೆ ಲೋಡು. ಎಲ್‌ಆರ್, ಇ-ವೇ ಬಿಲ್, ಡೀಸೆಲ್ ಲೆಕ್ಕ ಎಲ್ಲವನ್ನೂ ಮನೆಯಲ್ಲಿ ಮಗಳು ನೋಡಿಕೊಳ್ತಾಳೆ. ಅವಳು ಕಾಲೇಜಿಗೆ ಹೋದಳೆಂದರೆ ನಾನು ದಾರಿಯಲ್ಲಿ ಕೈಕಟ್ಟಿ ನಿಲ್ಲಬೇಕು. ಕ್ಯಾಬಿನ್ನಲ್ಲೇ ಒಂದು ಲ್ಯಾಪ್‌ಟಾಪ್ ಇಟ್ಟುಕೊಳ್ಳೋಣ ಅಂತಿದ್ದೀನಿ. ಅಂಗಡಿಯವರು ಸಾವಿರ ವ್ಯಾಟಿನ ಇನ್ವರ್ಟರ್ ಹಾಕಿಸಿ ಅಂತಾರೆ. ಹಾಕಿಸಲಾ?
— ಲಾರಿ ಮಾಲೀಕರು, ಹಿರಿಯೂರು

ಉತ್ತರ: ಹಾಕಿಸಬೇಡಿ. ನಿಮ್ಮ ಲಾರಿಯಲ್ಲಿ ಇರುವುದು 24 ವೋಲ್ಟಿನ ಡಿಸಿ ಕರೆಂಟು. ಇನ್ವರ್ಟರ್ ಅದನ್ನು 230 ವೋಲ್ಟಿನ ಎಸಿಗೆ ಏರಿಸುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಅದನ್ನೇ ಮತ್ತೆ 20 ವೋಲ್ಟಿನ ಡಿಸಿಗೆ ಇಳಿಸುತ್ತದೆ. ಏರಿಸುವಾಗ ಒಂದಿಷ್ಟು, ಇಳಿಸುವಾಗ ಒಂದಿಷ್ಟು ಕರೆಂಟು ಬಿಸಿಯಾಗಿ ಹೋಗುತ್ತದೆ. ಏನನ್ನೂ ಸಿಕ್ಕಿಸದೆ ಆನ್ ಮಾಡಿಟ್ಟರೂ ದೊಡ್ಡ ಇನ್ವರ್ಟರ್ ಸುಮ್ಮನೆ ಬ್ಯಾಟರಿ ತಿನ್ನುತ್ತಿರುತ್ತದೆ. 65 ವ್ಯಾಟಿನ ಯಂತ್ರಕ್ಕೆ ಸಾವಿರ ವ್ಯಾಟಿನ ಪೆಟ್ಟಿಗೆ ಮಾರಿದರೆ ಲಾಭ ಅಂಗಡಿಗೆ.

ಟೈಪ್-ಸಿ ತೂತಿನಿಂದಲೇ ಚಾರ್ಜ್ ಆಗುವ ಲ್ಯಾಪ್‌ಟಾಪ್ ತಗೊಳ್ಳಿ. ಅದಕ್ಕೆ 65 ವ್ಯಾಟಿನ ಪಿಡಿ ಕಾರ್ ಚಾರ್ಜರ್ ಸಿಗುತ್ತದೆ. ಕೊಳ್ಳುವ ಮುನ್ನ ಚಾರ್ಜರಿನ ಮೇಲಿನ ಸಣ್ಣ ಅಕ್ಷರ ಓದಿ: ಇನ್‌ಪುಟ್ 12 ವೋಲ್ಟ್ ಎಂದಷ್ಟೇ ಇದ್ದರೆ ಅದು ಕಾರಿಗೆ. ಎಂಜಿನ್ ಓಡುವಾಗ ಲಾರಿಯ ವೋಲ್ಟೇಜ್ 28ರ ಆಸುಪಾಸಿಗೆ ಏರುತ್ತದೆ, ಆದ್ದರಿಂದ 32 ಅಥವಾ 36 ವೋಲ್ಟಿನವರೆಗೂ ತಡೆಯುವಂಥದ್ದೇ ಬೇಕು. ಬ್ಯಾಟರಿ ಟರ್ಮಿನಲ್ ಸಡಿಲವಾಗಿ ಓಡುತ್ತಿರುವಾಗಲೇ ಕಳಚಿಕೊಂಡರೆ ಆಲ್ಟರ್ನೇಟರ್ ಒಂದು ಕ್ಷಣ ಅದಕ್ಕೂ ಎಷ್ಟೋ ಪಟ್ಟು ಹೆಚ್ಚಿನ ವೋಲ್ಟೇಜ್ ಎಸೆಯುತ್ತದೆ. ಅಗ್ಗದ ಚಾರ್ಜರ್ ಆಗ ತಾನೂ ಸುಟ್ಟು ಲ್ಯಾಪ್‌ಟಾಪನ್ನೂ ಸುಡಬಹುದು. ಟರ್ಮಿನಲ್ ಬಿಗಿ ಇದೆಯಾ ಎಂದು ನೋಡುವುದಕ್ಕೆ ಕಾಸು ಖರ್ಚಿಲ್ಲ.

ಈಗ ವೈರಿನ ಮಾತು. ಹಾರ್ನಿನ ವೈರನ್ನೋ ಲೈಟಿನ ವೈರನ್ನೋ ಸುಲಿದು ಜೋಡಿಸುವ ಕೆಲಸ ಬೇಡ. ಬ್ಯಾಟರಿ ಬಾಕ್ಸಿನಿಂದ ಕ್ಯಾಬಿನ್ನಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು ಬೇರೆಯಾಗಿ ಎಳೆಸಿ. 15 ಆಂಪಿಯರ್ ಫ್ಯೂಸು ಪ್ಲಸ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೇ ಇರಬೇಕು. ಹಲವರು ಫ್ಯೂಸನ್ನು ಡ್ಯಾಶ್‌ಬೋರ್ಡಿನ ಹತ್ತಿರ ಹಾಕಿಸುತ್ತಾರೆ. ನಡುವೆ ಚಾಸಿಸ್ಸಿಗೆ ಉಜ್ಜಿ ವೈರು ಸುಲಿದುಹೋದರೆ ಆ ಫ್ಯೂಸಿಗೆ ಗೊತ್ತೇ ಆಗುವುದಿಲ್ಲ, ಬೆಂಕಿ ಹೊತ್ತಿಕೊಳ್ಳುತ್ತದೆ.

ಇನ್ನೊಂದು. ನಿಮ್ಮದು ಎತ್ತುವ ಕ್ಯಾಬಿನ್ ಆದರೆ ಮುಂದಿನ ಕೀಲಿನ ಹತ್ತಿರ ವೈರನ್ನು ಒಂದು ಸುತ್ತು ಸಡಿಲ ಬಿಡಿಸಿ, ಅಷ್ಟು ಭಾಗಕ್ಕೆ ಪ್ಲಾಸ್ಟಿಕ್ ಕೊಳವೆ ಹಾಕಿಸಿ. ನೆಟ್ಟಗೆ ಬಿಗಿದಿದ್ದರೆ ಗ್ಯಾರೇಜಿನಲ್ಲಿ ಮೊದಲ ಸಲ ಕ್ಯಾಬಿನ್ ಎತ್ತಿದ ದಿನವೇ ಅದು ಕಿತ್ತುಬರುತ್ತದೆ. ಸ್ಟ್ಯಾಂಡ್ ಕೂರಿಸುವಾಗ ತಳಕ್ಕೆ ಡ್ರಿಲ್ ಹಾಕಬೇಕೆಂದರೆ ಕೆಳಗೆ ಏರ್ ಬ್ರೇಕಿನ ಪೈಪು ಹಾದುಹೋಗಿದೆಯಾ ಎಂದು ಮೊದಲು ಬಗ್ಗಿ ನೋಡಿ. ಸೀಟಿನ ಬೋಲ್ಟಿಗೇ ಕೂರುವ ಸ್ಟ್ಯಾಂಡ್ ಸಿಕ್ಕರೆ ಡ್ರಿಲ್ಲೇ ಬೇಕಿಲ್ಲ.

ಇಷ್ಟಾದ ಮೇಲೂ ಒಂದು ಮಾತು ಕೇಳುತ್ತೇನೆ: ನಿಮಗೆ ಲ್ಯಾಪ್‌ಟಾಪ್ ನಿಜಕ್ಕೂ ಬೇಕಾ? ಇ-ವೇ ಬಿಲ್ಲಿನ ಆಯಸ್ಸು 200 ಕಿಲೋಮೀಟರಿಗೆ ಒಂದು ದಿನ. ಬೆಂಗಳೂರು–ದೆಹಲಿ ಸುಮಾರು 2,150 ಕಿಲೋಮೀಟರ್ ಅಂದುಕೊಂಡರೆ 11 ದಿನ. ದಾರಿಯಲ್ಲಿ ಲಾರಿ ಕೆಟ್ಟು ನಿಂತರೆ ಅವಧಿ ಮುಗಿಯುವ ಹಿಂದಿನ 8 ಗಂಟೆ, ಮುಂದಿನ 8 ಗಂಟೆಯೊಳಗೆ ವಿಸ್ತರಿಸಿಕೊಳ್ಳಬಹುದು. ಲಾರಿ ಬದಲಾದರೆ ಪಾರ್ಟ್-ಬಿಯಲ್ಲಿ ಹೊಸ ನಂಬರ್ ಹಾಕಬೇಕು. ಇವೆಲ್ಲ ಫೋನಿನಲ್ಲಿ ಆಗುವ ಕೆಲಸ. ಚೆಕ್‌ಪೋಸ್ಟಿನಲ್ಲಿ ಪ್ರಿಂಟ್ ಕೊಡಲೇಬೇಕೆಂದೂ ಇಲ್ಲ, ಬಿಲ್ಲಿನ ನಂಬರ್ ಫೋನಿನಲ್ಲಿದ್ದರೆ ಸಾಕು. ಆರ್‌ಸಿ, ಲೈಸೆನ್ಸ್ ಡಿಜಿಲಾಕರಿನಲ್ಲಿದ್ದರೆ ನಡೆಯುತ್ತದೆ. ಒಂದು ಬ್ಲೂಟೂತ್ ಕೀಬೋರ್ಡ್ ತಗೊಂಡು ತಿಂಗಳು ಫೋನಿನಲ್ಲೇ ನಡೆಸಿ ನೋಡಿ. ಲೆಕ್ಕದ ಹಾಳೆ ಬಹಳ ಅಗಲವಾಗಿ ಕಣ್ಣಿಗೆ ಕಷ್ಟ ಎನಿಸಿದರೆ ಆಗ ಲ್ಯಾಪ್‌ಟಾಪ್.

ಪ್ರಶ್ನೆ: ನಮ್ಮವರು ಮಂಗಳೂರು–ಬೆಂಗಳೂರು ಲೈನಿನಲ್ಲಿ ಲಾರಿ ಓಡಿಸ್ತಾರೆ. ರಾತ್ರಿ ಕ್ಯಾಬಿನ್ನಲ್ಲೇ ಮಲಗೋದು. ಫ್ಯಾನು, ಲ್ಯಾಪ್‌ಟಾಪು, ಕ್ಯಾಮೆರಾ ಎಲ್ಲ ಓಡ್ತಿರುತ್ತೆ. ಮೊನ್ನೆ ಗುಂಡ್ಯದಲ್ಲಿ ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ್ ಟಕ್ ಅಂದದ್ದು ಮಾತ್ರ. ಹೊಸ ಬ್ಯಾಟರಿ ಹಾಕಿಸಿ ವರ್ಷ ಆಗಿಲ್ಲ. 12 ವೋಲ್ಟಿನ ಸಾಮಾನಿಗೆ ಅಂತ ಎಲೆಕ್ಟ್ರಿಷಿಯನ್ ಒಂದೇ ಬ್ಯಾಟರಿಯಿಂದ ಲೈನ್ ಕೊಟ್ಟಿದ್ದಾರೆ. ಅದರಿಂದ ತೊಂದರೆ ಉಂಟಾ?
— ಗೃಹಿಣಿ, ಪುತ್ತೂರು

ಉತ್ತರ: ಉಂಟು ತಾಯಿ, ತೊಂದರೆ ಇರುವುದೇ ಅಲ್ಲಿ. ಲಾರಿಯ ಎರಡು ಬ್ಯಾಟರಿ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಒಂದಕ್ಕೆ ಮಾತ್ರ ರಾತ್ರಿಯಿಡೀ ದುಡಿತ ಹೇರಿದರೆ ಬೆಳಿಗ್ಗೆ ಗಾಡಿ ಏಳುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ಆಲ್ಟರ್ನೇಟರ್ ಎರಡಕ್ಕೂ ಸೇರಿಸಿ 28 ವೋಲ್ಟ್ ಕೊಡುತ್ತದೆ, ತಲೆಗೆ 14 ಎಂದು ಹಂಚಿಕೆಯಾಗಬೇಕು. ಒಂದು ಬ್ಯಾಟರಿ ಸೊರಗಿದ್ದರೆ ಅದಕ್ಕೆ ಹದಿಮೂರು ಚಿಲ್ಲರೆ, ಇನ್ನೊಂದಕ್ಕೆ ಹದಿನಾಲ್ಕೂವರೆ ಮೀರಿ ಬೀಳುತ್ತದೆ. ಸೊರಗಿದ್ದು ಎಂದೂ ತುಂಬುವುದಿಲ್ಲ. ತುಂಬಿದ್ದು ಅತಿಯಾಗಿ ಕುದಿದು ನೀರು ಕಳೆದುಕೊಳ್ಳುತ್ತದೆ. ಕೊನೆಗೆ ಎರಡೂ ಹಾಳು. ಬ್ಯಾಟರಿ ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ ಮೂರು ನಾಲ್ಕು ಗಂಟೆ ಬಿಟ್ಟು ಮಲ್ಟಿಮೀಟರಿನಲ್ಲಿ ಒಂದೊಂದೇ ಬ್ಯಾಟರಿ ಅಳೆಯಲು ಹೇಳಿ. ತುಂಬಿದ ಬ್ಯಾಟರಿ 12.6, 12.7 ತೋರಿಸುತ್ತದೆ. ಎರಡರ ನಡುವೆ 0.3 ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ಜೋಡಿ ಕೆಟ್ಟಿದೆ. ಆ ಲೈನನ್ನು ಕಿತ್ತುಹಾಕಿಸಿ, ಎರಡೂ ಬ್ಯಾಟರಿಯ ತುದಿಯಿಂದ 24 ತೆಗೆದುಕೊಂಡು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. ಬ್ಯಾಟರಿ ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯದು.

ರಾತ್ರಿಯ ಖರ್ಚನ್ನೂ ಲೆಕ್ಕ ಹಾಕೋಣ. 24 ವೋಲ್ಟಿನಲ್ಲಿ ಚಿಕ್ಕ ಫ್ಯಾನು, ಲ್ಯಾಪ್‌ಟಾಪು, ಕ್ಯಾಮೆರಾ ಸೇರಿ ಮೂರು ಆಂಪಿಯರ್ ಎಂದಿಟ್ಟುಕೊಳ್ಳಿ, 8 ಗಂಟೆಗೆ 24 ಆಂಪಿಯರ್-ಅವರ್. ಬ್ಯಾಟರಿ 130 ಆಂಪಿಯರ್-ಅವರ್‌ನದಾದರೆ ಐದರಲ್ಲಿ ಒಂದು ಪಾಲೂ ಆಗಲಿಲ್ಲ, ನಡೆಯುತ್ತದೆ. ಆದರೆ ಇವು ಎಂಜಿನ್ ಎಬ್ಬಿಸಲೆಂದು ಮಾಡಿದ ಬ್ಯಾಟರಿಗಳು. ಒಂದೇ ಏಟಿಗೆ ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದು ಅವಕ್ಕೆ ಗೊತ್ತು, ರಾತ್ರಿಯಿಡೀ ಹನಿಹನಿಯಾಗಿ ಬಸಿದರೆ ಬೇಗ ಸಾಯುತ್ತವೆ. ಆದ್ದರಿಂದ ಈ ಲೈನಿಗೆ ಲೋ-ವೋಲ್ಟೇಜ್ ಕಟಾಫ್ ಇರಲೇಬೇಕು. 24.4 ವೋಲ್ಟಿಗೆ ಹೊಂದಿಸಿಟ್ಟರೆ ಆ ಮಟ್ಟಕ್ಕೆ ಇಳಿದೊಡನೆ ಫ್ಯಾನು ನಿಲ್ಲುತ್ತದೆ, ಸೆಲ್ಫಿಗೆ ಕರೆಂಟು ಉಳಿಯುತ್ತದೆ. ಸೆಕೆಗೆ ಎದ್ದು ಬೈದುಕೊಳ್ಳಲಿ, ಶಿರಾಡಿ ಘಾಟಿಯ ಬುಡದಲ್ಲಿ ಲಾರಿ ನಿಲ್ಲುವುದಕ್ಕಿಂತ ವಾಸಿ.

ಪ್ರಶ್ನೆ: ಸ್ಟೇರಿಂಗ್ ಪಕ್ಕ 15 ಇಂಚಿನ ಮಾನಿಟರ್ ಕೂರಿಸಬೇಕು ಅಂತ ಆಸೆ. ಮ್ಯಾಪೂ ನೋಡಬಹುದು, ರಾತ್ರಿ ನಿದ್ದೆ ಬರದ ಹಾಗೆ ಸಿನಿಮಾನೂ ಹಾಕ್ಕೋಬಹುದು.
— ಡ್ರೈವರ್, ದಾವಣಗೆರೆ

ಉತ್ತರ: ನಿದ್ದೆ ಬಂದರೆ ಗಾಡಿ ಪಕ್ಕಕ್ಕೆ ಹಾಕಿ ಮಲಗಿ. ಓಡಿಸುವಾಗ ಫೋನ್ ಬಳಸುವುದಾದರೆ ದಾರಿ ನೋಡಲು ಮಾತ್ರ, ಅದೂ ಗಮನ ಕೆಡದ ಹಾಗೆ ಎಂದು 2020ರ ಅಕ್ಟೋಬರಿನಿಂದಲೇ ನಿಯಮವಿದೆ. ಮ್ಯಾಪಿಗೆ ಫೋನಿನ ಸ್ಕ್ರೀನು ಧಾರಾಳ. ಘಾಟಿಯಲ್ಲಿ ಸಿಗ್ನಲ್ ಇರುವುದಿಲ್ಲ, ಆ ಭಾಗದ ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡಿ.

ಪ್ರಶ್ನೆ: ನಮ್ಮದು ಬಿಎಸ್6 ಗಾಡಿ. ಕಾರಿಗೆ ಹಾಕುವ ಓಬಿಡಿ ಬ್ಲೂಟೂತ್ ಡಾಂಗಲ್ ತಂದಿದ್ದೀನಿ. ಅದನ್ನು ಹಾಕಿ ಎಂಜಿನ್ ಕಂಪ್ಲೇಂಟ್ ಲ್ಯಾಪ್‌ಟಾಪಿನಲ್ಲಿ ನೋಡಬಹುದಾ?
— ಹುಬ್ಬಳ್ಳಿ

ಉತ್ತರ: ಸಿಕ್ಕಿಸಬೇಡಿ. ಆ ಪೋರ್ಟಿನಲ್ಲಿ ಬರುವುದು 24 ವೋಲ್ಟ್, ಕಾರಿನ ಡಾಂಗಲ್ ಮಾಡಿರುವುದು 12ಕ್ಕೆ. ಸುಡದೆ ಉಳಿದರೂ ಓದುವುದು ಅನುಮಾನ, ದೊಡ್ಡ ಲಾರಿಗಳ ಎಂಜಿನ್ ಮಾತಾಡುವುದು ಹೆಚ್ಚಾಗಿ ಜೆ1939 ಎಂಬ ಬೇರೆ ಪದ್ಧತಿಯಲ್ಲಿ. 24 ವೋಲ್ಟಿಗೂ ಆ ಪದ್ಧತಿಗೂ ಹೊಂದುವ ರೀಡರ್ ಬೇರೆ ಸಿಗುತ್ತದೆ. ಕೋಡ್ ಓದಲು ಮಾತ್ರ ಬಳಸಿ, ಓದಿದ ಮೇಲೆ ಕಿತ್ತಿಡಿ. ಯೂರಿಯಾ ಲೈಟ್ ಬಂದು ಪಿಕಪ್ ಬಿದ್ದರೆ ಮೊದಲು ಟ್ಯಾಂಕಿನಲ್ಲಿ ಡಿಇಎಫ್ ಇದೆಯಾ, ಒಳ್ಳೆಯದು ಹಾಕಿಸಿದ್ದೀರಾ ನೋಡಿ. ಲ್ಯಾಪ್‌ಟಾಪಿನಲ್ಲಿ ಲೈಟು ಅಳಿಸಿದರೆ ಕಾಯಿಲೆ ವಾಸಿಯಾಗುವುದಿಲ್ಲ.

ಪ್ರಶ್ನೆ: ಅದಿರಿನ ಧೂಳು, ಬಿಸಿಲು, ಕುಲುಕಾಟ. ನಮ್ಮ ಕಡೆ ಲ್ಯಾಪ್‌ಟಾಪ್ ಬಾಳಿಕೆ ಬರುತ್ತಾ?
— ಟ್ರಾನ್ಸ್‌ಪೋರ್ಟ್ ಗುಮಾಸ್ತರು, ಬಳ್ಳಾರಿ

ಉತ್ತರ: ಇಡುವ ಜಾಗದ ಮೇಲಿದೆ. ಹಾರ್ಡ್ ಡಿಸ್ಕಿನ ಹಳೇ ಯಂತ್ರ ಬೇಡವೇ ಬೇಡ. ತಿರುಗುವ ತಟ್ಟೆಯ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ ಮುಳ್ಳು ಚಲಿಸುತ್ತಿರುತ್ತದೆ, ಸಂಡೂರಿನ ರಸ್ತೆಯ ಒಂದು ಗುಂಡಿ ಸಾಕು. ಎಸ್‌ಎಸ್‌ಡಿ ಇರಲಿ. ಫ್ಯಾನಿಲ್ಲದ ಮಾಡೆಲ್ ಸಿಕ್ಕರೆ ಇನ್ನೂ ಒಳ್ಳೆಯದು, ಧೂಳು ಹೀರಿಕೊಳ್ಳುವುದೇ ಫ್ಯಾನು. ಫ್ಯಾನ್ ಇದ್ದರೆ ಆಗಾಗ ಬಿಚ್ಚಿಸಿ ಬ್ರಷ್ಷಿನಲ್ಲಿ ಕೊಡವಿಸಿ. ಟೈರಿಗೆ ಗಾಳಿ ಹಿಡಿಯುವ ಪೈಪನ್ನು ಅದಕ್ಕೆ ಹಿಡಿಯಬೇಡಿ, ಅದರಲ್ಲಿ ನೀರಿನ ಪಸೆ ಇರುತ್ತದೆ.

ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಬೇಸಿಗೆಯಲ್ಲಿ ಗಾಜು ಏರಿಸಿ ನಿಲ್ಲಿಸಿದ ಕ್ಯಾಬಿನ್ನಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಬರ್ತಿನ ಕೆಳಗೆ, ಎಂಜಿನ್ ಬಿಸಿ ತಾಗದ ಮೂಲೆಯಲ್ಲಿ, ಸ್ಪಾಂಜ್ ಹಾಕಿದ ಪೆಟ್ಟಿಗೆಯಲ್ಲಿ ಇಡಿ.

ನಿಮ್ಮ ಕಡೆ ಬಾಡಿ ಬಿರುಕು ಬಿಟ್ಟರೆ ಅಲ್ಲೇ ನಿಲ್ಲಿಸಿ ವೆಲ್ಡಿಂಗ್ ಮಾಡಿಸುವ ರೂಢಿ. ಮೊದಲು ಲ್ಯಾಪ್‌ಟಾಪ್, ಚಾರ್ಜರ್, ಕ್ಯಾಮೆರಾ ಎಲ್ಲವನ್ನೂ ಕಿತ್ತುಬಿಡಿ. ಎರಡೂ ಬ್ಯಾಟರಿಯ ಟರ್ಮಿನಲ್ ಬಿಚ್ಚಿ, ಬಿಎಸ್6 ಗಾಡಿಯಾದರೆ ಕಂಪನಿ ಕೈಪಿಡಿಯಲ್ಲಿ ಹೇಳಿದಂತೆ ಎಂಜಿನ್ನಿನ ಕಂಪ್ಯೂಟರಾದ ಇಸಿಯುವಿನ ಕನೆಕ್ಟರನ್ನೂ ತೆಗೆಸಿ. ವೆಲ್ಡಿಂಗಿನ ಅರ್ತ್ ಕ್ಲಾಂಪನ್ನು ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ ಕಚ್ಚಿಸಲು ಹೇಳಿ. ಅವಸರದಲ್ಲಿ ಇದನ್ನು ಬಿಟ್ಟರೆ ಸುಡುವುದು ಲ್ಯಾಪ್‌ಟಾಪ್ ಒಂದೇ ಅಲ್ಲ, ಇಸಿಯು ಕೂಡ. ಇಸಿಯುವಿನ ಬೆಲೆಯನ್ನು ನಿಮ್ಮ ಮಾಲೀಕರನ್ನೇ ಕೇಳಿ.